ಬಳಿ (ಗೋತ್ರದ ಹಾಗೆ ಮದುವೆಗೆ ನೋಡುವ ಕುಲ) ಬೇರೆ ಇದ್ದರೆ ಸೋದರಮಾವನ ಮಗನನ್ನು ಮದುವೆಯಾದರೆ ಮಕ್ಕಳಿಗೆ ತೊಂದರೆ ಇಲ್ಲ ಅಲ್ವಾ?

ಹಾಗೆ ಹೇಳಲು ಆಗುವುದಿಲ್ಲ. ಮಂಗಳೂರು, ಉಡುಪಿ ಕಡೆ ಬಳಿ ಬರುವುದು ತಾಯಿಯಿಂದ. ಮಾವನ ಮಗನಿಗೆ ಅತ್ತೆಯ ಬಳಿ, ನಿಮಗೆ ಅಮ್ಮನ ಬಳಿ. ಬಳಿ ಬೇರೆ ಆದ್ದರಿಂದ ಮದುವೆ ಸಂಬಂಧ ಕೂಡುತ್ತದೆ. ಆದರೆ ಇಬ್ಬರಿಗೂ ಅಜ್ಜ ಅಜ್ಜಿ ಒಬ್ಬರೇ. ಸರಾಸರಿ ಎಂಟನೇ ಒಂದು ಪಾಲು ಜೀನ್‌ಗಳು ಅವರಿಂದಲೇ ಇಬ್ಬರಿಗೂ ಬಂದಿರುತ್ತವೆ.

ಪಿಯುಸಿ ಬಯಾಲಜಿಯಲ್ಲಿ ತಂದೆ ತಾಯಿಯ ಜೀನ್ ಮಕ್ಕಳಿಗೆ ಹೇಗೆ ಬರುತ್ತದೆ ಅಂತ ನಾಲ್ಕು ಮನೆಯ ಚೌಕ ಬರೆದು ಅಂಕ ತಗೊಳ್ತೇವೆ, ಅದನ್ನು ನಮ್ಮ ಕುಟುಂಬಕ್ಕೆ ಹಚ್ಚಿ ನೋಡುವವರು ಕಡಿಮೆ. ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆಯನ್ನೇ ನೋಡಿ. ದೋಷದ ಜೀನ್ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮಗುವಿಗೆ ಕಾಯಿಲೆ. ಅಜ್ಜಿಯಿಂದ ಆ ಜೀನ್ ಇಬ್ಬರಿಗೂ ಬಂದಿದ್ದರೂ ನೀವಿಬ್ಬರೂ ಆರೋಗ್ಯವಾಗೇ ಇರುತ್ತೀರಿ. ಆದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 25. ಮೊದಲ ಮಗು ಚೆನ್ನಾಗಿದೆ ಅಂತ ಎರಡನೆಯದಕ್ಕೆ ಅದು ಇಳಿಯುವುದಿಲ್ಲ.

ಸುಮ್ನೆ ಹೆದರಬೇಡಿ. ಸಾಮಾನ್ಯವಾಗಿ 100ರಲ್ಲಿ 2-3 ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ತೊಂದರೆ ಇರುತ್ತದೆ, ಇಂಥ ಮದುವೆಯಲ್ಲಿ ಅದು ಹೆಚ್ಚುಕಡಿಮೆ ಎರಡು ಪಟ್ಟು. ಅಂದರೆ ಜಾಸ್ತಿ ಮಕ್ಕಳು ಆರೋಗ್ಯವಾಗೇ ಹುಟ್ಟುತ್ತಾರೆ. ಅದಕ್ಕೇ ಹಿರಿಯರು "ನಮ್ಮಲ್ಲಿ ಯಾರಿಗೂ ಏನೂ ಆಗಿಲ್ವಲ್ಲ" ಅನ್ನುವುದು. ಚಿಕ್ಕಂದಿನಲ್ಲೇ ತೀರಿಕೊಂಡ, ಕಿವಿ ಕೇಳದ ಮಕ್ಕಳು ಇದ್ದರಾ ಅಂತ ಅಜ್ಜಿಯನ್ನು ಬಿಡಿಸಿ ಕೇಳಿ. ನಿಶ್ಚಿತಾರ್ಥಕ್ಕೆ ಮೊದಲೇ ಇಬ್ಬರೂ ಜೆನೆಟಿಕ್ ಕೌನ್ಸೆಲಿಂಗ್‌ಗೆ (ವಂಶದ ಕಾಯಿಲೆಗಳ ಬಗ್ಗೆ ತಜ್ಞರ ಸಲಹೆಗೆ) ಹೋಗಿ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಇದಕ್ಕೆಂದೇ ವಿಭಾಗ ಇದೆ.