ಐದು ಲಕ್ಷದಲ್ಲಿ ಸೆಕ್ಯೂರಿಟಿ ಏಜೆನ್ಸಿ ಶುರು ಮಾಡಬಹುದಾ?

ತುಮಕೂರಲ್ಲಿ ಸಣ್ಣದಾಗಿ ಸೆಕ್ಯೂರಿಟಿ ಏಜೆನ್ಸಿ ಶುರು ಮಾಡಬೇಕು, ಕೈಯಲ್ಲಿ ಐದು ಲಕ್ಷ ಇದೆ, ಚಿಕ್ಕಪ್ಪ ಮಿಲಿಟರಿಯಿಂದ ನಿವೃತ್ತರಾಗಿದ್ದಾರೆ, ಲೈಸೆನ್ಸ್ ಹೇಗೆ ಅಂತ ಕೇಳಿದ್ದೀರಿ. ಮೈಸೂರಲ್ಲಿ ನನ್ನದೂ ಇದೇ ಕಸುಬು. ಶುರು ಮಾಡಬಹುದು. ಆದರೆ ಲೈಸೆನ್ಸ್ ಹೇಗೋ ಆಗುತ್ತೆ. ಕ್ಲೈಂಟ್ ದುಡ್ಡು ಬರುವವರೆಗೆ ಎರಡು ತಿಂಗಳ ಸಂಬಳ ಕೈಯಿಂದ ಹಾಕುವ ತಾಕತ್ತು ಇದೆಯಾ ಅನ್ನೋದನ್ನು ಮೊದಲು ನೋಡಿಕೊಳ್ಳಿ.

ಲೈಸೆನ್ಸ್ ವಿಷಯ ಬೇಗ ಮುಗಿಸಿಬಿಡ್ತೀನಿ. ಇದಕ್ಕಿರೋದು ಖಾಸಗಿ ಸೆಕ್ಯೂರಿಟಿ ಏಜೆನ್ಸಿಗಳ 2005ರ ಕಾಯ್ದೆ, ಇಂಗ್ಲಿಷ್ ಹೆಸರನ್ನು ಚಿಕ್ಕದು ಮಾಡಿ (PSARA) ನಮ್ಮವರೆಲ್ಲ ಪಸಾರಾ ಅಂತಾರೆ. ಅರ್ಜಿ ಆನ್‌ಲೈನ್. ಒಂದೇ ಜಿಲ್ಲೆಗೆ ಶುಲ್ಕ 5,000, ಐದು ಜಿಲ್ಲೆವರೆಗೆ 10,000, ಇಡೀ ರಾಜ್ಯಕ್ಕೆ 25,000 ರೂಪಾಯಿ. ಸಿಕ್ಕರೆ 5 ವರ್ಷ ನಡೆಯುತ್ತೆ. ನಿಮಗೆ ತುಮಕೂರು ಒಂದೇ ಸಾಕು. ಪೊಲೀಸ್ ವೆರಿಫಿಕೇಶನ್‌ಗೆ ಓಡಾಡಬೇಕಾಗುತ್ತೆ, ತರಬೇತಿ ಸಂಸ್ಥೆಯ ಜೊತೆ ಒಪ್ಪಂದವೂ ಬೇಕು. ಹೊಸಬರಿಗೆ 160 ಗಂಟೆ ತರಬೇತಿ. ಮಾಜಿ ಸೈನಿಕರಿಗೆ, ಪೊಲೀಸರಿಗೆ ಅದು 56 ಗಂಟೆ ಅಷ್ಟೇ. ಲೈಸೆನ್ಸ್ ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು ಇದೆ, ‘ಆಮೇಲೆ ಮಾಡಿಸೋಣ’ ಅನ್ನೋವರ ಮಾತು ಕೇಳಬೇಡಿ. ಅಂದಹಾಗೆ, ಯೂನಿಫಾರಂ ಆರಿಸುವಾಗ ಚಿಕ್ಕಪ್ಪನವರ ಅಭಿಮಾನ ಸ್ವಲ್ಪ ಪಕ್ಕಕ್ಕಿಡಿ. ಸೈನ್ಯದ ಅಥವಾ ಪೊಲೀಸರ ಸಮವಸ್ತ್ರದ ಹಾಗೆ ಕಾಣುವ ಬಟ್ಟೆ ಹಾಕಿಸುವುದೂ ಅಪರಾಧವೇ. ತಿಳಿ ನೀಲಿ ಶರ್ಟು, ಕಡು ನೀಲಿ ಪ್ಯಾಂಟು ಸಾಕು.

ಇನ್ನು ರೇಟು. ಲೆಕ್ಕ ಸುಲಭವಾಗಲಿ ಅಂತ ಗಾರ್ಡಿನ ತಿಂಗಳ ಸಂಬಳ 16,000 ಅಂತ ಇಟ್ಟುಕೊಳ್ಳಿ (ನಿಜವಾದ ಕನಿಷ್ಠ ವೇತನವನ್ನು ನಿಮ್ಮ ವಲಯಕ್ಕೆ ನೋಡಿಕೊಳ್ಳಿ, ಪ್ರತಿ ಏಪ್ರಿಲ್‌ಗೆ ತುಟ್ಟಿಭತ್ಯೆ ಏರುತ್ತೆ). 15,000ದ ಮಿತಿಗೆ ಮಾಲೀಕರ ಪಾಲಿನ ಪಿಎಫ್ 13% ಅಂದರೆ 1,950. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) 3.25%, 520. ಬೋನಸ್ 8.33%, ಸುಮಾರು 1,333. ಇಷ್ಟಕ್ಕೇ 19,800 ದಾಟಿತು. ಗಾರ್ಡಿನ ವಾರದ ರಜೆಯ ದಿನ ಬದಲಿಗೆ ಬರುವ ರಿಲೀವರ್‌ದು ಇದರ ಆರರಲ್ಲಿ ಒಂದು ಪಾಲು ಸೇರಿದರೆ 23,100. ಯೂನಿಫಾರಂ, ತರಬೇತಿ, ನೈಟ್ ಚೆಕಿಂಗ್ ಪೆಟ್ರೋಲು, ನಿಮ್ಮ ಸರ್ವಿಸ್ ಚಾರ್ಜ್ ಇನ್ನೂ ಬಾಕಿ. ಇದೆಲ್ಲ ಬರೀ ಎಂಟು ಗಂಟೆಯ ಡ್ಯೂಟಿಗೆ.

ಆದರೆ ಮಾರ್ಕೆಟ್ಟಲ್ಲಿ ಎಲ್ಲರೂ ಓಡಿಸೋದು ಹನ್ನೆರಡು ಗಂಟೆಯ ಎರಡು ಶಿಫ್ಟು. ಎಂಟರ ಮೇಲಿನ ನಾಲ್ಕು ಗಂಟೆಗೆ ಓಟಿ (ಓವರ್‌ಟೈಮ್) ದುಪ್ಪಟ್ಟು ಕೊಡಬೇಕು, ಅಂದರೆ ಹನ್ನೆರಡು ಗಂಟೆ ಕೆಲಸಕ್ಕೆ ಹದಿನಾರು ಗಂಟೆಯ ಕೂಲಿ. ಸರಿಯಾಗಿ ಕೊಟ್ಟರೆ ಮೂರು ಶಿಫ್ಟೇ ಅಗ್ಗ! ಆದರೂ ಎರಡೇ ಶಿಫ್ಟು ನಡೀತಿದೆ ಅಂದರೆ ಓಟಿ ಯಾರ ಜೇಬಿಂದ ಹೋಗ್ತಿದೆ ಅಂತ ಬಿಡಿಸಿ ಹೇಳಬೇಕಿಲ್ಲ. ಗಾರ್ಡುಗಳಲ್ಲೂ ಎಷ್ಟೋ ಜನ ಹನ್ನೆರಡು ಗಂಟೆಯೇ ಬೇಕು ಅಂತಾರೆ. ಊರು ಬಿಟ್ಟು ಬಂದವರಿಗೆ ಎಂಟು ಗಂಟೆ ಸಂಬಳದಲ್ಲಿ ರೂಂ ಬಾಡಿಗೆ ಕಳೆದು ಮನೆಗೆ ಕಳಿಸೋಕೆ ಏನೂ ಉಳಿಯಲ್ಲ. ಅಪಾರ್ಟ್‌ಮೆಂಟ್ ಕಾರ್ಯದರ್ಶಿ ‘ಪಕ್ಕದವರು ಹನ್ನೆರಡು ಗಂಟೆಗೆ ಹದಿನೇಳು ಸಾವಿರ ಹೇಳಿದ್ದಾರೆ’ ಅಂದಾಗ ಮೇಲಿನ ಲೆಕ್ಕದ ಹಾಳೆ ಮುಂದಿಡಿ. ಒಪ್ಪದಿದ್ದರೆ ಎದ್ದು ಬನ್ನಿ. ಆ ರೇಟಿಗೆ ಪಾಯಿಂಟ್ (ಗಾರ್ಡ್ ನಿಲ್ಲಿಸುವ ಜಾಗದ ಕೆಲಸ) ಹಿಡಿದರೆ ಪಿಎಫ್ ನುಂಗಬೇಕು, ಇಲ್ಲ ನೀವೇ ಮುಳುಗಬೇಕು.

ಈಗ ನಿಮ್ಮ ಐದು ಲಕ್ಷ. ತಿಂಗಳ ಬಿಲ್ಲು ಒಂದನೇ ತಾರೀಕು ಕೊಡ್ತೀರಿ, ಕ್ಲೈಂಟ್ ನಲವತ್ತೈದು ದಿನ ಎಳೆಯುತ್ತಾನೆ. ಗಾರ್ಡಿಗೆ ಏಳನೇ ತಾರೀಕಿಗೆ ಸಂಬಳ ಬೀಳದಿದ್ದರೆ ಎಂಟಕ್ಕೆ ಅವನು ಪಕ್ಕದ ಏಜೆನ್ಸಿಯ ಟೋಪಿ ಹಾಕಿರ್ತಾನೆ. ಪಿಎಫ್, ಇಎಸ್‌ಐ 15ಕ್ಕೆ. ಹತ್ತು ಗಾರ್ಡು ಅಂದರೆ ಸಂಬಳ, ಪಿಎಫ್, ಇಎಸ್‌ಐ ಸೇರಿ ತಿಂಗಳಿಗೆ ಸುಮಾರು 1.85 ಲಕ್ಷ ಹೊರಗೆ, ಎರಡು ತಿಂಗಳಿಗೆ 3.7 ಲಕ್ಷ. ಉಳಿದದ್ದು ಬಟ್ಟೆ, ಆಫೀಸು, ಓಡಾಟಕ್ಕೆ ಸರಿಹೋಯಿತು. ಹಾಗಾಗಿ ಮೊದಲ ವರ್ಷ ಹತ್ತರ ಮೇಲೆ ಹೋಗಬೇಡಿ, ಎಷ್ಟೇ ದೊಡ್ಡ ಆರ್ಡರ್ ಬಂದರೂ.

ಇದೇ ಕಾರಣಕ್ಕೆ ಪ್ರೈವೇಟ್ ಲಿಮಿಟೆಡ್‌ಗಿಂತ ಪ್ರೊಪ್ರೈಟರ್‌ಶಿಪ್ ವಾಸಿ ಅಂತ ನನ್ನ ಅಭಿಪ್ರಾಯ. ಕಂಪನಿಯಾದರೆ ಬಿಲ್ಲಿನ ದುಡ್ಡು ಬರಲಿ ಬಿಡಲಿ, 18% ಜಿಎಸ್‌ಟಿಯನ್ನು ನೀವೇ ಕಟ್ಟಬೇಕು. ಪ್ರೊಪ್ರೈಟರ್ ಆಗಿದ್ದು ಕ್ಲೈಂಟ್‌ಗೆ ಜಿಎಸ್‌ಟಿ ನೋಂದಣಿ ಇದ್ದರೆ, 2019ರ ಜನವರಿಯಿಂದ ರಿವರ್ಸ್ ಚಾರ್ಜ್‌ನಲ್ಲಿ ಆ ತೆರಿಗೆ ಕಟ್ಟೋದು ಅವರೇ. ನಿಮ್ಮ ತುಮಕೂರಿನ ಕೈಗಾರಿಕಾ ಪ್ರದೇಶ ವಸಂತನರಸಾಪುರದ ಸಣ್ಣ ಫ್ಯಾಕ್ಟರಿಗಳು, ಗೋದಾಮುಗಳು ಇದಕ್ಕೆ ಹೊಂದುತ್ತವೆ.

ಚಿಕ್ಕಪ್ಪನವರನ್ನು ಬರೀ ಬೋರ್ಡಿನ ಮೇಲಿನ ಹೆಸರಾಗಿ ಕೂರಿಸಬೇಡಿ, ಫೀಲ್ಡ್ ಆಫೀಸರ್ ಕೆಲಸ ಕೊಡಿ. ರಾತ್ರಿ ಎರಡಕ್ಕೆ ಗೇಟಿನ ಮುಂದೆ ಬೈಕ್ ನಿಲ್ಲಿಸಿ, ನಿದ್ದೆಗಣ್ಣಿನವನ ಕೈಗೆ ಟಾರ್ಚ್ ಕೊಟ್ಟು, ರಿಜಿಸ್ಟರ್‌ನಲ್ಲಿ ಟೈಮ್ ಬರೆಸಿ ಸಹಿ ಹಾಕಿಸೋ ಶಿಸ್ತು ಅವರಿಗಿದ್ದಷ್ಟು ನಮಗಿರಲ್ಲ. ಅಗ್ರಿಮೆಂಟ್‌ಗೆ ಸಹಿ ಹಾಕುವ ಮುಂಚೆ ಕಳ್ಳತನವಾದರೆ ನಷ್ಟ ಯಾರದು ಅನ್ನೋ ಸಾಲು ಹುಡುಕಿ ಓದಿ. ಪೂರ್ತಿ ನಿಮ್ಮ ತಲೆಗೆ ಕಟ್ಟಿದ್ದರೆ, ತನಿಖೆಯಲ್ಲಿ ಗಾರ್ಡಿನ ನಿರ್ಲಕ್ಷ್ಯ ಸಾಬೀತಾದರೆ ಮಾತ್ರ, ಅದೂ ಒಂದು ತಿಂಗಳ ಬಿಲ್ಲಿನ ಮಿತಿಯೊಳಗೆ ಅಂತ ತಿದ್ದಿಸಿ.