40,000 ಚುಕ್ಕೆಗಳ ಸ್ಕ್ಯಾಟರ್ ಪ್ಲಾಟ್: ನಿಧಾನ, ಕಪ್ಪು ಮುದ್ದೆ ಮತ್ತು ರೈತರ ಹೆಸರು

ಪ್ರಶ್ನೆ: ನಾನು ಕೃಷಿ ಸಂಶೋಧನಾ ವಿದ್ಯಾರ್ಥಿನಿ. ಕರಾವಳಿ, ಮಲೆನಾಡು ಮತ್ತು ಉತ್ತರ ಕರ್ನಾಟಕದ ಬಯಲುಸೀಮೆಯ ಸುಮಾರು 40,000 ಮಣ್ಣು ಪರೀಕ್ಷಾ ದಾಖಲೆಗಳಲ್ಲಿನ ರಸಸಾರ (ಪಿಎಚ್) ಹಾಗೂ ಸಾವಯವ ಇಂಗಾಲದ ಸಂಬಂಧವನ್ನು ಪೈಥಾನ್‌ನ ಪ್ಲಾಟ್ಲಿ ಎಂಬ ಚಿತ್ರ ರಚನೆಯ ಸಾಧನ ಬಳಸಿ ಸ್ಕ್ಯಾಟರ್ ಪ್ಲಾಟ್ (ಪ್ರತಿ ದಾಖಲೆಗೊಂದು ಚುಕ್ಕೆಯಿಡುವ ಚಿತ್ರ) ಆಗಿ ಮೂಡಿಸಿದ್ದೇನೆ. ಮೌಸ್ ಒಯ್ದರೆ ರೈತರ ಹೆಸರು ಮತ್ತು ಊರು ಕಾಣಿಸುತ್ತದೆ. ಆದರೆ ಪುಟ ಬಹಳ ನಿಧಾನವಾಗಿದೆ, ಚುಕ್ಕೆಗಳೆಲ್ಲ ಒಂದೇ ಮುದ್ದೆಯಾಗಿವೆ. ಇದನ್ನು ಸರಿಪಡಿಸಿ ಸಹೋದ್ಯೋಗಿಗಳಿಗೆ ಕಳುಹಿಸುವುದು ಹೇಗೆ?

ಉತ್ತರ: ನಿಧಾನಗತಿಯ ಕಾರಣ ಸರಳವಾಗಿದೆ. ಪ್ಲಾಟ್ಲಿಯ ಗ್ರಾಫ್ ಆಬ್ಜೆಕ್ಟ್ಸ್ ವಿಭಾಗದ ‘ಸ್ಕ್ಯಾಟರ್’ ಪ್ರತಿಯೊಂದು ಚುಕ್ಕೆಯನ್ನೂ ಎಸ್‌ವಿಜಿ (ಚಿತ್ರವನ್ನು ಬಿಡಿ ಆಕೃತಿಗಳಾಗಿ ಬರೆಯುವ ವಿಧಾನ) ರೂಪದ ಬೇರೆ ಬೇರೆ ಆಕೃತಿಯಾಗಿ ಬ್ರೌಸರ್‌ಗೆ ಒಪ್ಪಿಸುತ್ತದೆ. ಅಷ್ಟು ಸಾವಿರ ಆಕೃತಿಗಳನ್ನು ಹಿಗ್ಗಿಸುವಾಗ, ಸರಿಸುವಾಗ ಬ್ರೌಸರ್ ಏದುಸಿರು ಬಿಡುವುದು ಸಹಜ. ಅದರ ಬದಲು ‘ಸ್ಕ್ಯಾಟರ್‌ಜಿಎಲ್’ ಬಳಸಿದರೆ ಚಿತ್ರಿಸುವ ಕೆಲಸ ವೆಬ್‌ಜಿಎಲ್ ಎಂಬ ಬ್ರೌಸರ್ ತಂತ್ರದ ಮೂಲಕ ಗ್ರಾಫಿಕ್ಸ್ ಚಿಪ್‌ಗೆ ಹೋಗುತ್ತದೆ. ಪ್ಲಾಟ್ಲಿಯ ಸರಳ ರೂಪವಾದ ಪ್ಲಾಟ್ಲಿ ಎಕ್ಸ್‌ಪ್ರೆಸ್‌ನಲ್ಲಿ ಬರೆದರೆ, ಚುಕ್ಕೆಗಳ ಸಂಖ್ಯೆ 1,000 ದಾಟಿದಾಗ ಈ ಬದಲಾವಣೆ ತಾನಾಗಿಯೇ ಆಗುತ್ತದೆ. ಒಂದೇ ಪುಟದಲ್ಲಿ ಇಂಥ ಹತ್ತಾರು ಚಿತ್ರಗಳನ್ನು ಮಾತ್ರ ಸೇರಿಸಬೇಡಿ, ಏಕೆಂದರೆ ಒಂದು ಪುಟಕ್ಕೆ ಎಷ್ಟು ವೆಬ್‌ಜಿಎಲ್ ಚಿತ್ರಗಳೆಂಬುದಕ್ಕೆ ಬ್ರೌಸರ್‌ಗಳು ಮಿತಿ ಇಟ್ಟಿರುತ್ತವೆ.

ಮುದ್ದೆಯಾಗುವ ಸಮಸ್ಯೆ ಇದಕ್ಕಿಂತ ಗಂಭೀರವಾದುದು. ರಸಸಾರವನ್ನು ಸಾಮಾನ್ಯವಾಗಿ ಒಂದು ದಶಮಾಂಶಕ್ಕೆ ಮಾತ್ರ ದಾಖಲಿಸುವುದರಿಂದ, 4.5ರಿಂದ 9ರವರೆಗಿನ ಹರವಿನಲ್ಲಿ ನಿಮ್ಮ 40,000 ಚುಕ್ಕೆಗಳು ಐವತ್ತಕ್ಕೂ ಕಡಿಮೆ ಲಂಬ ಸಾಲುಗಳಲ್ಲಿ ಒಂದರ ಮೇಲೊಂದು ಕುಳಿತಿರುತ್ತವೆ. ನೂರು ದಾಖಲೆಗಳಿರುವ ಜಾಗವೂ ಒಂದೇ ದಾಖಲೆಯಿರುವ ಜಾಗವೂ ಒಂದೇ ರೀತಿ ಕಾಣುತ್ತವೆ. ಚುಕ್ಕೆಯ ಗಾತ್ರವನ್ನು 3 ಅಥವಾ 4ಕ್ಕೆ, ಒಪಾಸಿಟಿಯನ್ನು (ಅಪಾರದರ್ಶಕತೆಯನ್ನು) 0.2ರ ಆಸುಪಾಸಿಗೆ ಇಳಿಸಿ, ದಟ್ಟಣೆ ತಾನಾಗಿ ಗಾಢವಾಗಿ ಮೂಡುತ್ತದೆ. ಜೊತೆಗೆ ರಸಸಾರದ ಬೆಲೆಗೆ 0.05ರಷ್ಟು ಹೆಚ್ಚುಕಡಿಮೆಯಾಗುವ ಯಾದೃಚ್ಛಿಕ ಅಲುಗಾಟವನ್ನು ಸೇರಿಸಬಹುದು. ಹಾಗೆ ಮಾಡಿದಾಗ ಮೌಸ್ ಒಯ್ದಲ್ಲಿ ಕಾಣುವುದು ಅಲುಗಾಡಿಸಿದ ಅಂಕಿಯಾಗಬಾರದು. ಪ್ರಯೋಗಾಲಯ ಕೊಟ್ಟ ಮೂಲ ಬೆಲೆಯನ್ನು ಪ್ರತ್ಯೇಕ ಕಾಲಮ್ಮಿನಲ್ಲಿ ಉಳಿಸಿಕೊಂಡು ಅದನ್ನೇ ತೋರಿಸಬೇಕು, ಇಲ್ಲವಾದರೆ ಯಾರೂ ಅಳೆಯದ ಸಂಖ್ಯೆಯನ್ನು ಓದುಗರ ಮುಂದಿಟ್ಟಂತಾಗುತ್ತದೆ. ಇಷ್ಟಾದರೂ ಮುದ್ದೆ ಕರಗದಿದ್ದರೆ ಎಲ್ಲಿ ಎಷ್ಟು ಚುಕ್ಕೆಗಳಿವೆ ಎಂಬುದನ್ನು ಬಣ್ಣದಲ್ಲಿ ತೋರಿಸುವ ಸಾಂದ್ರತೆಯ ಹೀಟ್‌ಮ್ಯಾಪ್‌ಗೆ ಹೋಗಿ. ದಾಖಲೆಗಳು ದಶಲಕ್ಷಗಳನ್ನು ಮುಟ್ಟಿದಾಗ ಡೇಟಾಶೇಡರ್ ಎಂಬ ಸಾಧನ ಉಪಯೋಗಕ್ಕೆ ಬರುತ್ತದೆ. ನಿಮ್ಮ ಸಂಖ್ಯೆಗೆ ಅದರ ಅಗತ್ಯವಿಲ್ಲ.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ಮಾತಿದೆ: ಬಣ್ಣವನ್ನು ಮಣ್ಣಿನ ಪ್ರಕಾರಕ್ಕೆ ಮೀಸಲಿಡಿ. ಮಳೆ ಹೆಚ್ಚಿರುವ ಮಲೆನಾಡು ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಸುಣ್ಣದಂಥ ಪ್ರತ್ಯಾಮ್ಲೀಯ ಅಂಶಗಳು ತೊಳೆದುಹೋಗಿ ರಸಸಾರ ಆಮ್ಲೀಯವಾಗಿರುತ್ತದೆ, ದಟ್ಟ ಸಸ್ಯರಾಶಿಯಿಂದ ಸಾವಯವ ಇಂಗಾಲವೂ ಸೇರುತ್ತಿರುತ್ತದೆ. ಉತ್ತರದ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಉಳಿದು ರಸಸಾರ ಏರುತ್ತದೆ, ಒಣ ಹವೆಯಲ್ಲಿ ಇಂಗಾಲ ಕಡಿಮೆಯಾಗುತ್ತದೆ. ಈ ಎರಡನ್ನೂ ಒಂದೇ ಬಣ್ಣದಲ್ಲಿಟ್ಟು ಗೆರೆ ಎಳೆದರೆ ‘ರಸಸಾರ ಏರಿದಂತೆ ಇಂಗಾಲ ಇಳಿಯುತ್ತದೆ’ ಎಂಬ ನಿಯಮ ಕಾಣಿಸಿಕೊಳ್ಳಬಹುದು, ಆದರೆ ಅದು ಎರಡು ಪ್ರದೇಶಗಳ ನಡುವಿನ ವ್ಯತ್ಯಾಸವಷ್ಟೇ ಆಗಿರಬಹುದು, ಯಾವ ಒಂದು ಪ್ರದೇಶದ ಒಳಗೂ ಅದು ನಿಜವಾಗಿರಬೇಕಾಗಿಲ್ಲ. ಪ್ಲಾಟ್ಲಿ ಎಕ್ಸ್‌ಪ್ರೆಸ್‌ನಲ್ಲಿ ಬಣ್ಣದ ಜೊತೆ ‘ಟ್ರೆಂಡ್‌ಲೈನ್’ ಕೇಳಿದರೆ ಪ್ರತಿ ಗುಂಪಿಗೂ ಪ್ರತ್ಯೇಕ ಗೆರೆ ಬರುತ್ತದೆ. ಸಾಧಾರಣ ಸರಳರೇಖೆಗೆ ಸ್ಟಾಟ್ಸ್‌ಮಾಡೆಲ್ಸ್ ಪ್ಯಾಕೇಜ್ ಇರಬೇಕು. ಸಂಬಂಧದ ಬಗ್ಗೆ ಏನನ್ನಾದರೂ ಬರೆಯುವ ಮೊದಲು ಆ ಗೆರೆಗಳನ್ನು ಒಟ್ಟು ಗೆರೆಯೊಂದಿಗೆ ಹೋಲಿಸಿ ನೋಡಿ. ಮುಂದೆ ಮಣ್ಣಿನ ಲವಣಾಂಶವನ್ನು ಲಾಗ್ ಅಕ್ಷದಲ್ಲಿ ಇಡುವುದಾದರೆ, ಸೊನ್ನೆ ಎಂದು ದಾಖಲಾದ ಚುಕ್ಕೆಗಳು ಯಾವ ಎಚ್ಚರಿಕೆಯೂ ಇಲ್ಲದೆ ಚಿತ್ರದಿಂದ ಮರೆಯಾಗುತ್ತವೆ ಎಂಬುದು ನೆನಪಿರಲಿ.

ಇನ್ನು ಕಳುಹಿಸುವ ವಿಚಾರ. ‘ರೈಟ್ ಎಚ್‌ಟಿಎಂಎಲ್’ ಮೂಲಕ ಉಳಿಸಿದ ಕಡತ ಯಾವ ಬ್ರೌಸರಿನಲ್ಲಾದರೂ ತೆರೆಯುತ್ತದೆ. ಅದರೊಳಗೆ ಪ್ಲಾಟ್ಲಿಯ ಜಾವಾಸ್ಕ್ರಿಪ್ಟ್ ಗ್ರಂಥಾಲಯವೇ 3 ಮೆಗಾಬೈಟ್‌ಗೂ ಹೆಚ್ಚು ಜಾಗ ಹಿಡಿಯುತ್ತದೆ. ಗ್ರಂಥಾಲಯವನ್ನು ಇಂಟರ್ನೆಟ್ಟಿನಿಂದಲೇ ತರುವ ಸಿಡಿಎನ್ ಆಯ್ಕೆ ಕೊಟ್ಟರೆ ಕಡತ ಹಗುರಾಗುತ್ತದೆ, ಆದರೆ ತೆರೆಯುವಾಗ ಇಂಟರ್ನೆಟ್ ಬೇಕಾಗುತ್ತದೆ. ಲ್ಯಾಸೊ ಹಾಕಿ (ಮೌಸ್‌ನಿಂದ ಸುತ್ತುಗೆರೆ ಎಳೆದು) ಆರಿಸಿದ ಚುಕ್ಕೆಗಳ ದಾಖಲೆಗಳನ್ನು ಪಟ್ಟಿಯಾಗಿ ಪಡೆಯುವುದು ಈ ಕಡತದಿಂದಷ್ಟೇ ಆಗುವುದಿಲ್ಲ. ಅದಕ್ಕೆ ಪ್ಲಾಟ್ಲಿಯ ಆ್ಯಪ್ ರಚನೆಯ ಸಾಧನವಾದ ಡ್ಯಾಶ್‌ನಲ್ಲಿ ಸಣ್ಣ ಆ್ಯಪ್ ಬರೆಯಬೇಕು.

ಆದರೆ ಈಗಿರುವ ರೂಪದಲ್ಲಿ ಈ ಕಡತವನ್ನು ದಯವಿಟ್ಟು ಯಾರಿಗೂ ಕಳುಹಿಸಬೇಡಿ. ಚಿತ್ರಕ್ಕೆ ಕೊಟ್ಟ ಪ್ರತಿಯೊಂದು ಹೆಸರೂ ಸಂಖ್ಯೆಯೂ ಎಚ್‌ಟಿಎಂಎಲ್ ಕಡತದ ಒಳಗೇ ಇರುತ್ತದೆ. ಮೌಸ್ ಒಯ್ದಾಗ ಕಾಣದಂತೆ ಹೋವರ್ ಟೆಂಪ್ಲೇಟ್‌ನಿಂದ ತೆಗೆದರೂ ‘ಕಸ್ಟಮ್ ಡೇಟಾ’ಗೆ (ಚುಕ್ಕೆಗಳ ಜೊತೆ ಸೇರಿಸುವ ಹೆಚ್ಚುವರಿ ಮಾಹಿತಿಗೆ) ಕೊಟ್ಟ ಕಾಲಮ್ಮು ಅಲ್ಲಿಯೇ ಉಳಿಯುತ್ತದೆ, ಕಡತವನ್ನು ಬಗೆದು ನೋಡಬಲ್ಲ ಯಾರಾದರೂ ಅದನ್ನು ಹೊರತೆಗೆಯಬಹುದು. ರೈತರು ಮಣ್ಣಿನ ಮಾದರಿ ಕೊಟ್ಟದ್ದು ಗೊಬ್ಬರದ ಸಲಹೆಗಾಗಿ. ಅವರ ಹೊಲ ಸವಳಾಗಿದೆಯೇ, ಸಾರ ಕಳೆದುಕೊಂಡಿದೆಯೇ ಎಂಬುದು ಹೆಸರಿನ ಸಮೇತ ಊರೂರು ತಿರುಗಬೇಕಾದ ಸಂಗತಿಯಲ್ಲ. ಹೆಸರು, ಮೊಬೈಲ್ ಸಂಖ್ಯೆ, ಸರ್ವೆ ನಂಬರುಗಳನ್ನು ಚಿತ್ರ ರಚಿಸುವ ಮೊದಲೇ ದತ್ತಾಂಶದಿಂದ ತೆಗೆದುಹಾಕಿ, ಊರಿನ ಬದಲು ಹೋಬಳಿ ಅಥವಾ ತಾಲ್ಲೂಕನ್ನು ಇಟ್ಟು, ನಂತರ ಹೊಸದಾಗಿ ಕಡತ ಸಿದ್ಧಪಡಿಸಿ. ಕಳುಹಿಸುವ ಮುನ್ನ ಆ ಕಡತವನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು, ನಿಮಗೆ ಗೊತ್ತಿರುವ ಒಬ್ಬ ರೈತರ ಹೆಸರನ್ನು ದತ್ತಾಂಶದಲ್ಲಿದ್ದಂತೆಯೇ ಟೈಪ್ ಮಾಡಿ ಹುಡುಕಿ. ಹೆಸರು ಕನ್ನಡದಲ್ಲಿದ್ದರೆ ಕಡತದಲ್ಲಿ ಅದು ಯೂನಿಕೋಡ್ ಸಂಕೇತಗಳಾಗಿ ಬದಲಾಗಿರಬಹುದಾದ್ದರಿಂದ, ಚಿತ್ರಕ್ಕೆ ಕೊಟ್ಟ ಕಾಲಮ್ಮುಗಳ ಪಟ್ಟಿಯನ್ನೂ ಒಮ್ಮೆ ಪರಿಶೀಲಿಸಿ.