ಕಥೆಯೊಳಗಿನ ತಾಯಿಗೆ ಮಗನ ಮೇಲಿರುವುದು ಪ್ರೀತಿಯೋ, ಆತ್ಮರತಿಯೋ?

ನೀವು ಓದುತ್ತಿರುವ ಕಾದಂಬರಿಯಲ್ಲಿ ತಾಯಿಯೊಬ್ಬಳು ಮಗನ ನೌಕರಿ, ಮದುವೆ ಎಲ್ಲಾ ತಾನು ಹೇಳಿದಂತೆಯೇ ಆಗಬೇಕು ಅಂತಾಳೆ, ಇದು ಪ್ರೀತಿಯೋ ಆತ್ಮರತಿಯೋ ಅಂತ ಕೇಳಿದ್ದೀರಿ. ಎರಡಕ್ಕೂ ಬೇರು ಒಂದೇ ಅಂತ, ಮನಸ್ಸಿನ ಒಳಪದರಗಳನ್ನು ಕೆದಕಿ ನೋಡುವ ಮನೋವಿಶ್ಲೇಷಣೆಯನ್ನು ಶುರುಮಾಡಿದ ಫ್ರಾಯ್ಡ್ 1914ರಲ್ಲೇ ಬರೆದಿದ್ದಾರೆ. ಇಲ್ಲಿ ಆತ್ಮರತಿ ಅಂದರೆ ಸೊಕ್ಕು ಅಲ್ಲ. ಚಿಕ್ಕವರಿದ್ದಾಗ ನಮ್ಮ ಮೇಲೆ ನಮಗೇ ಇದ್ದ ಮೋಹವನ್ನು ಬೆಳೆಯುತ್ತಾ ಬಿಡಬೇಕಾಗುತ್ತದೆ, ಮಗು ಹುಟ್ಟಿದಾಗ ಅದೇ ಮೋಹ ಮಗುವಿನ ಹೆಸರಲ್ಲಿ ವಾಪಸ್ ಬರುತ್ತದೆ. ನನಗೆ ಸಿಗದ್ದು ಇವನಿಗಾದರೂ ಸಿಗಲಿ ಅಂತೀವಲ್ಲ, ಅದೇ. ಹಾಗಾಗಿ ಆಕೆಯನ್ನು ಸುಮ್ನೆ ಸ್ವಾರ್ಥಿ ಅಂತ ಬೈದು ಪುಸ್ತಕ ಮುಚ್ಚಬೇಡಿ.

ಅವಳು ಮಗನ ಮುಖ ನೋಡುವ ಜಾಗಗಳನ್ನು ಹುಡುಕಿ. ಮಕ್ಕಳ ಡಾಕ್ಟರೂ ಮನೋವಿಶ್ಲೇಷಕರೂ ಆಗಿದ್ದ ಇಂಗ್ಲೆಂಡಿನ ವಿನಿಕಾಟ್ 1967ರಲ್ಲಿ ಹೇಳಿದ್ದು: ಕೂಸಿಗೆ ಮೊದಲ ಕನ್ನಡಿ ತಾಯಿಯ ಮುಖ. ಅವಳು ಕೂಸನ್ನು ನೋಡಿದರೆ ಕೂಸು ಅಲ್ಲಿ ತನ್ನನ್ನೇ ಕಾಣುತ್ತದೆ. ಅವಳು ತನ್ನ ಚಿಂತೆಯಲ್ಲೇ ಮುಳುಗಿದ್ದರೆ ಅದಕ್ಕೆ ಕಾಣುವುದು ಅವಳ ಚಿಂತೆ ಮಾತ್ರ, ಮೋಡ ನೋಡಿ ಮಳೆ ಲೆಕ್ಕ ಹಾಕುವವರ ಹಾಗೆ ಅವಳ ಮೂಡ್ ಲೆಕ್ಕ ಹಾಕುತ್ತಲೇ ಬೆಳೆಯುತ್ತದೆ. (ಇದೇ ವಿನಿಕಾಟ್ 1949ರಲ್ಲಿ, ತಾಯಿ ತನ್ನ ಕೂಸನ್ನು ದ್ವೇಷಿಸಲು ಇರುವ 18 ಕಾರಣಗಳನ್ನು ಪಟ್ಟಿ ಮಾಡಿದ್ದರು. ತ್ಯಾಗಮಯಿ ತಾಯಂದಿರ ಕಥೆಗಳನ್ನೇ ಓದಿ ಬೆಳೆದ ನನಗೆ ಅದನ್ನೋದಿ ಹಾಯೆನಿಸಿತ್ತು.)

ಆದರೆ ಕನ್ನಡಿಯ ಮಾತೆಲ್ಲಾ ಮಗನ ಕಡೆಯಿಂದಲೇ ಅಲ್ವಾ? ತಾಯಿ ಏನಾದಳು? ನಮ್ಮ ಬೆಳಗಾವಿಯಲ್ಲಿ ಕೆಲಕಾಲ ಪಾಠ ಹೇಳಿದ್ದ ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಒಂದು ಕನ್ನಡ ಜನಪದ ಕಥೆಯನ್ನು, ಗೊತ್ತಿಲ್ಲದೆ ತಂದೆಯನ್ನು ಕೊಂದು ತಾಯಿಯನ್ನೇ ಮದುವೆಯಾಗುವ ಗ್ರೀಕ್ ನಾಟಕದ ಈಡಿಪಸ್ ಪಕ್ಕ ಇಟ್ಟು ನೋಡಿದ್ದರು. ಹೆತ್ತ ಮಗನನ್ನೇ ಮದುವೆಯಾಗುತ್ತಾಳೆ ಅಂತ ಹಣೆಬರಹ ಇರುವ ಹುಡುಗಿ ಕಾಡು ಸೇರುತ್ತಾಳೆ, ಹುಟ್ಟಿದ ಕೂಸನ್ನು ತನ್ನ ಸೀರೆಯ ತುಂಡಿನಲ್ಲಿ ಸುತ್ತಿ ನೀರಿಗೆ ಬಿಡುತ್ತಾಳೆ, ವರ್ಷಗಳ ಮೇಲೆ ಗೊತ್ತಿಲ್ಲದೆ ಅವನನ್ನೇ ಮದುವೆಯಾಗಿ ಇನ್ನೊಂದು ಕೂಸು ಹೆರುತ್ತಾಳೆ. ಆ ಸೀರೆ ತುಂಡು ಕಂಡಾಗ ಗುರುತು ಹತ್ತುತ್ತದೆ. ಆಮೇಲೆ ಕೂಸಿಗೆ ಜೋಗುಳ ಹಾಡುತ್ತಾಳೆ: ಅದು ಅವಳಿಗೆ ಮಗ, ಮೊಮ್ಮಗ, ಗಂಡನ ತಮ್ಮ, ಮೂರೂ. ಹಾಡಿ ಮುಗಿಸಿ ನೇಣು ಹಾಕಿಕೊಳ್ಳುತ್ತಾಳೆ. ಗ್ರೀಕ್ ನಾಟಕದಲ್ಲಿ ಕಥೆ ಮಗನದು, ಇಲ್ಲಿ ತಾಯಿಯದು. ಆದರೂ ಆ ಜೋಗುಳದಲ್ಲಿ ಇರುವುದೆಲ್ಲಾ ನಂಟಿನ ಹೆಸರು, ಅವಳದಲ್ಲ.

ನಮ್ಮ ಅವ್ವನನ್ನೂ ಓಣಿಯಲ್ಲಿ ಎಲ್ಲರೂ ಇಂಥವನ ಅವ್ವ ಅಂತ ನನ್ನ ಹೆಸರು ಹಿಡಿದೇ ಕರೆಯುತ್ತಿದ್ದರು. ಖಾತೆ ತೆಗೆಸಲು ಬ್ಯಾಂಕಿಗೆ ಹೋದಾಗ ಹೆಸರು ಕೇಳಿದರೆ ಥಟ್ಟನೆ ನನ್ನ ಹೆಸರು ಹೇಳಿಬಿಟ್ಟಳು. ಕೌಂಟರಿನವರು ನಕ್ಕರು, ಅವಳೂ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೋ ಒಳಗೊಳಗೇ ಖುಷಿ. ಆತ್ಮರತಿ ಯಾರದು ನೋಡಿ!

ಅಂದಹಾಗೆ, ನಿಮ್ಮ ಕಾದಂಬರಿಯಲ್ಲಿ ಆ ತಾಯಿಯ ಹೆಸರು ಎಷ್ಟನೇ ಪುಟದಲ್ಲಿ ಬರುತ್ತದೆ, ಒಮ್ಮೆ ನೋಡಿ ಹೇಳ್ತೀರಾ?